ಕಚ್ಚು ಹಾಕಿದ ಮುದ್ರೆಗಳು

"ತೆಗಿ ಕೈನ! ನೆಲ ಒರೆಸೋ ಕೈ ಅದು, ತಗೊಂಡು ಬಂದು ಇದರ ಮೇಲಿಡ್ತೀಯಾ? ಬುದ್ಧಿ ಇದೆಯೇನೇ ನಿಂಗೆ?"

ನಿರ್ದೇಶಕಿ ಡಾ. ಇಸ್ಮತ್ ಕೂಗಿದ್ದು ವಾಚನಾಲಯದ ಎತ್ತರದ ಚಾವಣಿಗೆ ಬಡಿದು ಮತ್ತೊಮ್ಮೆ ಕೇಳಿಸಿತು. ಇನ್ಸಾಫ್ ಬೆರಳು ಹಿಂದಕ್ಕೆಳೆದುಕೊಂಡಳು. ಅವಳು ಮುಟ್ಟಿರಲಿಲ್ಲ. ಕಾಗದಕ್ಕೂ ಬೆರಳಿಗೂ ನಡುವೆ ಅಕ್ಕಿಕಾಳಿನಷ್ಟು ಜಾಗ ಇತ್ತು.

"ಮುಟ್ಟಿಲ್ಲ ಡಾಕ್ಟ್ರಮ್ಮಾ."

"ಬಿಳಿ ಕೈಗವಸು ಇಲ್ದೆ ಇದರ ಹತ್ರಾನೂ ಬರಬಾರ್ದು ಅಂತ ಗೋಡೆ ಮೇಲೆ ಬರೆದಿದೆ. ಓದೋಕೆ ಬರುತ್ತಾ?"

ಆ ಬಿಳಿ ಕೈಗವಸುಗಳನ್ನು ಪ್ರತಿ ಗುರುವಾರ ಒಗೆಯುವವಳು ಇನ್ಸಾಫಳೇ. ಮೂವತ್ತು ಜೊತೆ. ಸಾಬೂನಿನಲ್ಲಿ ನೆನೆಸಿ, ಬೆರಳು ಬೆರಳಾಗಿ ತಿಕ್ಕಿ, ಮಹಡಿಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದಳು. ಅಲೆಕ್ಸಾಂಡ್ರಿಯಾದ ಸಮುದ್ರಗಾಳಿಗೆ ಅವು ಯಾರನ್ನೋ ಕರೆಯುವಂತೆ ಅಲ್ಲಾಡುತ್ತಿದ್ದವು. ಪಾಷಾ ಬಿರುದಿನ ಯಾರೋ ಸಿರಿವಂತ ಕಟ್ಟಿಸಿದ ಈ ಬಂಗಲೆ ಈಗ ಮಹಿಳಾ ಚಳವಳಿಯ ದಾಖಲೆಗಳನ್ನು ಕಾಪಾಡುವ ಮನೆ. ಒಂಬತ್ತು ವರ್ಷದಿಂದ ಇಲ್ಲಿನ ಕಪಾಟುಗಳ ದೂಳು ಹೊಡೆಯುತ್ತಿದ್ದ ಇನ್ಸಾಫಳಿಗೆ ಅವುಗಳ ಒಳಗೆ ಏನಿದೆಯೆಂದು ಯಾರೂ ಹೇಳಿರಲಿಲ್ಲ.

ಮೇಜಿನ ಮೇಲೆ ಬಿಚ್ಚಿಟ್ಟದ್ದು ಗಿರಣಿಯ ಹೆಂಗಸರ ಪರವಾಗಿ ಬರೆದ ಮೂರು ಹಾಳೆಯ ಒಂದು ಮನವಿ. ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿಯದು. ಮುಂದಿನ ವಾರ ಆರಂಭವಾಗುವ ಪ್ರದರ್ಶನದ ಮುಖ್ಯ ವಸ್ತುವೇ ಅದು. ಮೊದಲ ಹಾಳೆಯ ಕೆಳಗೆ ಪಾಷಾನ ಮಗಳು ಸಫಿನಾಜ್ ಹಾನಿಮ್ ಅವರ ಸಹಿ, ಬಳ್ಳಿ ಹಬ್ಬಿದ ಹಾಗೆ. ಎರಡನೆಯ, ಮೂರನೆಯ ಹಾಳೆಗಳ ತುಂಬ ಉಗುರಿನಷ್ಟಗಲದ ಕಪ್ಪು ಉರುಟು ಗುರುತುಗಳು. ಓದು ಬಾರದವರು ಆಗ ಹಿತ್ತಾಳೆಯಲ್ಲಿ ತಮ್ಮ ಹೆಸರು ಕೆತ್ತಿಸಿಕೊಂಡು, ಸಹಿಯ ಬದಲು ಮಸಿಯಲ್ಲದ್ದಿ ಒತ್ತುತ್ತಿದ್ದ ಮುದ್ರೆಗಳು ಅವು. ಪಕ್ಕದಲ್ಲಿದ್ದ ಸೂಚಿ ಚೀಟಿಯನ್ನು ಇನ್ಸಾಫ್ ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಳು: 'ಸಫಿನಾಜ್ ಹಾನಿಮ್ ಅವರ ಮನವಿ. ಪುಟ ಎರಡು ಮತ್ತು ಮೂರು: ಅನಕ್ಷರಸ್ಥರ ಮುದ್ರೆಗಳು, ಹೆಸರು ಗುರುತಿಸಿಲ್ಲ.'

ಎರಡನೆಯ ಹಾಳೆಯ ನಾಲ್ಕನೆಯ ಸಾಲಿನಲ್ಲಿ, ಬಲದಿಂದ ಮೂರನೆಯ ಮುದ್ರೆಯ ಅಂಚಿನಲ್ಲಿ, ಒಳಕ್ಕೆ ಕೊರೆದ ಹಾಗೆ, ಸಣ್ಣದೊಂದು ಕಚ್ಚು ಇತ್ತು. ಅದನ್ನು ಕಂಡೇ ಅವಳ ಕೈ ಮುಂದೆ ಹೋದದ್ದು.

"ಇದು ನಮ್ಮಜ್ಜಿದು," ಅಂದಳು ಇನ್ಸಾಫ್. "ಕರ್ಮೂಜ್ ಗಿರಣೀಲಿ ನೂಲು ತೆಗೀತಿದ್ಳು. ನಬವಿಯ್ಯಾ ಮುರ್ಸಿ ಅಂತ."

ಡಾ. ಇಸ್ಮತ್ ನಕ್ಕರು. "ಈ ಊರಲ್ಲಿ ಎಲ್ಲರ ಅಜ್ಜೀನೂ ಗಿರಣೀಲಿದ್ದೋಳೇ. ಹೋಗು, ಮೆಟ್ಟಿಲು ಒರೆಸು."

ಆದರೆ ಮೇಜಿನ ಆಚೆ ಕುಳಿತಿದ್ದ ಲಮ್ಯಾ ತಲೆಯೆತ್ತಿ ನೋಡಿದಳು. ಸ್ತ್ರೀವಾದದ ಇತಿಹಾಸ ಬರೆಯುತ್ತಿದ್ದ ಹುಡುಗಿ, ಎರಡು ವರ್ಷದಿಂದ ದಿನಾ ಬರುತ್ತಿದ್ದಳು. ಬಾಗಿಲ ಹತ್ತಿರ ಇನ್ಸಾಫಳನ್ನು ಹಿಡಿದು ಪಿಸುಗುಟ್ಟಿದಳು: "ಖಾಲಾ, ಆ ಮುದ್ರೆ ನಿಮ್ಮ ಹತ್ರ ಇದೆಯಾ?"

"ಇದೆ ಮಗಳೇ."

ಮಾರನೆಯ ದಿನ ಇನ್ಸಾಫ್ ಕುತ್ತಿಗೆಯಿಂದ ದಾರ ಬಿಚ್ಚಿದಳು. ಹಿತ್ತಾಳೆ ಸವೆದು ಕಡಲೆಬೇಳೆಯ ಬಣ್ಣಕ್ಕೆ ತಿರುಗಿತ್ತು. ಲಮ್ಯಾ ಅದನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒತ್ತಿ, ಭೂತಗನ್ನಡಿಯ ಕೆಳಗಿಟ್ಟು ಅಳೆದಳು. ಅಡ್ಡಗಲ ಹನ್ನೊಂದು ಮಿಲಿಮೀಟರ್. ಹಳೆಯ ಹಾಳೆಯಲ್ಲೂ ಹನ್ನೊಂದು. ಕಚ್ಚಿನ ಆಳ ಒಂದಕ್ಕಿಂತ ಸ್ವಲ್ಪ ಕಡಿಮೆ, ಅಲ್ಲೂ ಅಷ್ಟೇ. ಅಕ್ಷರಗಳ ಬಾಲವೂ ಒಂದೇ ಕಡೆ ತಿರುಗಿತ್ತು.

"ನಿಮ್ಮಜ್ಜಿಯದೇ ಖಾಲಾ!" ಲಮ್ಯಾಳ ಕಣ್ಣು ಹೊಳೆಯಿತು. ಫೋನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. "ಹೇಳಿ, ಎಲ್ಲಾ ಹೇಳಿ."

ಇನ್ಸಾಫ್ ಹೇಳಿದಳು. ಗಿರಣಿಯ ಮೇಸ್ತ್ರಿ ಹೆಂಗಸರ ಮುದ್ರೆಗಳನ್ನೆಲ್ಲ ಒಂದು ತಂತಿಗೆ ಪೋಣಿಸಿ ತನ್ನ ಡ್ರಾಯರಿನಲ್ಲಿಟ್ಟುಕೊಳ್ಳುತ್ತಿದ್ದ. ಖಾಲಿ ಕಾಗದಗಳ ಮೇಲೆ ಮೊದಲೇ ಮುದ್ರೆ ಒತ್ತಿ ಕಟ್ಟು ಕಟ್ಟಿಡುತ್ತಿದ್ದ. ಯಾರ ಹೊಟ್ಟೆಯಾದರೂ ಮುಂದೆ ಬಂದರೆ, ಯಾರಾದರೂ ಎದುರು ಮಾತಾಡಿದರೆ, ಅವಳ ಕಾಗದ ತೆಗೆದು 'ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ' ಎಂದು ಮೇಲೆ ಬರೆಸುತ್ತಿದ್ದ.

"ನಮ್ಮಜ್ಜಿ ಹೇಳೋಳು, ಆ ಹಾದರಕ್ಕುಟ್ಟಿದೋನು ಬಸುರಿ ಕಂಡ್ರೆ ಸಾಕು, ಹದ್ದು ಕೋಳಿಮರಿ ನೋಡ್ದಂಗೆ ನೋಡ್ತಿದ್ದ ಅಂತ. ಒಂದಿನ ಎಲ್ಲಾರೂ ಸೇರಿ ಡ್ರಾಯರ್ ಒಡೆದ್ರಂತೆ. ಮುದ್ರೆ ಕಿತ್ಕೊಂಡು ಬಂದ್ರಂತೆ. ಆಮೇಲೆ ಈ ಅರ್ಜಿ."

"ಅದ್ಭುತ," ಅಂದಳು ಲಮ್ಯಾ, ಬರೆದುಕೊಳ್ಳುತ್ತ.

"ನಂಗೊಂದೇ ಆಸೆ ಮಗಳೇ. ಆ ಚೀಟೀಲಿ ನಮ್ಮಜ್ಜಿ ಹೆಸರು ಬರೀಬೇಕು. ಅಷ್ಟೇಯ."

ಲಮ್ಯಾ ಅವಳನ್ನು ನಿರ್ದೇಶಕಿಯ ಕೋಣೆಗೆ ಕರೆದುಕೊಂಡು ಹೋದಳು. ಡಾ. ಇಸ್ಮತ್ ಎಲ್ಲ ಕೇಳಿಸಿಕೊಂಡರು. ಇನ್ಸಾಫಳಿಗೆ ಕೂರಲು ಹೇಳಲಿಲ್ಲ. ಅಳತೆಗಳನ್ನು ನೋಡಿದರು, ಕಾಫಿ ಕುಡಿದು ಬಟ್ಟಲು ಕೆಳಗಿಟ್ಟರು.

"ಮುದ್ರೆಗಳು ಮೇಸ್ತ್ರಿ ಹತ್ರ ಇರ್ತಿದ್ವು ಅಂತ ಇವಳೇ ಹೇಳ್ತಾಳೆ. ಹಾಗಾದ್ರೆ ಈ ಮನವಿಗೆ ಒತ್ತಿದ್ದು ಇವಳಜ್ಜಿ ಅನ್ನೋಕೆ ಏನು ಸಾಕ್ಷಿ? ಹಾನಿಮ್ ಅವರೇ ಮೇಸ್ತ್ರಿಗೆ ಹೇಳಿ ಒತ್ತಿಸಿರ್ಬಹುದು. ಡ್ರಾಯರ್ ಒಡೆದದ್ದು ಅಜ್ಜಿ ಕಥೆ. ಮುದ್ರೆ ಇರೋದು ದಾಖಲೆ. ಅಲ್ವಾ ಲಮ್ಯಾ?"

ಲಮ್ಯಾ ಪೆನ್ನಿನ ಮುಚ್ಚಳ ತಿರುಗಿಸಿದಳು. "ಸಂಶೋಧನಾ ವಿಧಾನದ ದೃಷ್ಟಿಯಿಂದ... ಅದೂ ಒಂದು ಸಾಧ್ಯತೆ, ಡಾಕ್ಟರ್."

ಇನ್ಸಾಫಳ ಕಿವಿ ಬಿಸಿಯಾಯಿತು. ನಿನ್ನೆಯವರೆಗೆ ಅಜ್ಜಿ ಹೆಸರಿಲ್ಲದವಳಾಗಿದ್ದಳು. ಈಗ ತಾನು ಆಡಿದ ಮಾತಿನಿಂದಲೇ ಅಜ್ಜಿಯ ಕೈಯನ್ನೂ ಕಿತ್ತುಕೊಂಡು ಮೇಸ್ತ್ರಿಗೆ ಕೊಟ್ಟರು.

"ಮೇಸ್ತ್ರಿ ಒತ್ತಿದ್ರೆ ಕಚ್ಚು ಎಲ್ಲಿಂದ ಬರ್ತದೆ?" ಅಂದಳು.

"ಕಚ್ಚು ಇದ್ರೆ ಏನಂತೆ?"

"ಡ್ರಾಯರ್ ಒಡೆದ ದಿನವೇ ಅಜ್ಜಿ ಅರದಲ್ಲಿ ತಿಕ್ಕಿದ್ದು ಅದು. ಆ ನಾಯಿನನ್ಮಗ ಮೊದಲೇ ಒತ್ತಿಟ್ಟಿದ್ನಲ್ಲ ಕಾಗದದ ಕಟ್ಟು, ಅದು ಅವನ ಹತ್ರಾನೇ ಉಳೀತು. ಅದರಲ್ಲಿ ಕಚ್ಚಿಲ್ಲ. ಇನ್ಮೇಲೆ ಕಚ್ಚಿರೋದೇ ನನ್ನ ಕೈ, ಕಚ್ಚಿಲ್ದೇ ಇರೋದು ಅವನ ಕೈ ಅನ್ನೋಳು. ಯಾರಿಗೂ ಬಾಯ್ಬಿಡ್ಬೇಡಿ ಅಂತ ಹೆಂಗಸ್ರೆಲ್ಲಾ ಆಣೆ ಇಟ್ಟಿದ್ರು. ತಿಳಿದ್ರೆ ಅವನೂ ಹೊಸ ಮುದ್ರೆ ಮಾಡಿಸಿ ಕಚ್ಚು ಹಾಕ್ತಿದ್ನಲ್ಲ."

ಹೇಳುತ್ತಿದ್ದ ಹಾಗೇ ಅವಳಿಗೆ ತಟ್ಟನೆ ಹೊಳೆಯಿತು. ಹೆಂಗಸರೆಲ್ಲ, ಅಂದಿದ್ದಳು ಅಜ್ಜಿ. ಇನ್ಸಾಫ್ ವಾಚನಾಲಯಕ್ಕೆ ನಡೆದು, ಭೂತಗನ್ನಡಿ ಎತ್ತಿಕೊಂಡು ಹಾಳೆಯ ಮೇಲೆ ಬಾಗಿದಳು. ಅಜ್ಜಿಯ ಪಕ್ಕದ ಮುದ್ರೆ. ಅದರ ಪಕ್ಕದ್ದು. ಕೆಳಗಿನ ಸಾಲು.

"ನೀನೇ ನೋಡು ಮಗಳೇ."

ಹಿಂದೆಯೇ ಓಡಿ ಬಂದ ಲಮ್ಯಾ ಮೊದಲು ನಿಂತುಕೊಂಡು ನೋಡಿದಳು, ಆಮೇಲೆ ಕುಳಿತು ಎಣಿಸಿದಳು. ಒಟ್ಟು ನಲವತ್ತಮೂರು ಮುದ್ರೆ. ಎರಡು ಮಸಿ ಹರಡಿ ಕೆಟ್ಟಿದ್ದವು. ಉಳಿದ ನಲವತ್ತೊಂದರ ಅಂಚಿನಲ್ಲೂ ಒಂದೊಂದು ಕಚ್ಚು. ಒಂದು ಆಳ, ಒಂದು ಓರೆ, ಒಂದು ನಡುಗಿದ ಕೈಯದು.

"ಇಷ್ಟು ದಿನ ನೋಡಿದೀನಿ," ಅಂದಳು ಲಮ್ಯಾ. "ಮುದ್ರೆ ಸವೆದಿದೆ ಅಂದ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಡಾ. ಇಸ್ಮತ್‌ಗೂ ಅರ್ಥವಾಯಿತು. ಅವರು ದಡ್ಡರಲ್ಲ. ಹಾನಿಮ್ ಲೇಖನಿ ಹಿಡಿಯುವ ಮೊದಲೇ ಗಿರಣಿಯ ಹೆಂಗಸರು ತಾವಾಗಿ ಒಗ್ಗೂಡಿದ್ದರೆ, 'ಹೆಸರಿಲ್ಲದವರ ಪರವಾಗಿ ಒಂದು ಧ್ವನಿ' ಎಂಬ ಪ್ರದರ್ಶನದ ಹೆಸರೇ ಸುಳ್ಳಾಗುತ್ತಿತ್ತು.

"ಫಲಕ ಅಚ್ಚಾಗಿ ಬಂದಿದೆ," ಅಂದರು. "ಮುಂದಿನ ಸಲ ಸೂಚಿ ತಿದ್ದುವಾಗ ನೋಡೋಣ. ಭೂತಗನ್ನಡಿ ಕೆಳಗಿಡು."

"ನಮ್ಮಜ್ಜಿ ಸತ್ತು ಮೂವತ್ತೆರಡು ವರ್ಷ ಆಯ್ತು. ಅವಳು ಕಾಯ್ತಾಳೆ. ನನ್ಕೈಲಾಗಲ್ಲ. ಒಂದು ಹೆಸರು ಬರೀರಿ ಡಾಕ್ಟ್ರಮ್ಮಾ, ಒಂದು ಗೆರೆ."

"ನೆಲ ಒರೆಸೋಳ ಹತ್ರ ಇತಿಹಾಸ ಹೇಳಿಸ್ಕೋಬೇಕಾ ನಾನು?"

"ನೆಲ ಒರೆಸೋಳು ಇಲ್ದಿದ್ರೆ ನಿಮ್ ಇತಿಹಾಸಕ್ಕೆ ಇಷ್ಟೊತ್ತಿಗೆ ಗೆದ್ದಲು ಹತ್ತಿರೋದು."

ಲಮ್ಯಾ ತಲೆಯೆತ್ತಲಿಲ್ಲ. ಫೋನು ಬಗ್ಗಿಸಿ ಕಚ್ಚುಗಳ ಚಿತ್ರ ತೆಗೆಯುತ್ತಿದ್ದಳು, ಒಂದೊಂದಾಗಿ, ಎಚ್ಚರದಿಂದ.

ಶುಚಿ ಕೆಲಸದ ಗುತ್ತಿಗೆದಾರ ಹಾಜಿ ಶಾಬಾನ್ ಮರುದಿನ ಬೆಳಿಗ್ಗೆ ಗೇಟಿನ ಹತ್ತಿರವೇ ಕಾದಿದ್ದ. ಕಾವಲಿನ ಬದವಿ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ.

"ಒಳಗ್ಹೋಗೋ ಹಂಗಿಲ್ಲ ಉಮ್ಮ್ ರಜಬ್," ಅಂದ, ರಜಬನ ತಾಯಿ ಎಂದು ಇನ್ಸಾಫಳನ್ನು ಎಲ್ಲರೂ ಕರೆಯುವ ಹಾಗೆ. "ನೀನು ಕೆಲಸ ಬಿಟ್ಟಿದೀಯ."

"ಯಾವಾಗ ಬಿಟ್ಟೆ?"

"ನಿನ್ನೆ." ಅವನು ಕಾಗದ ಬಿಚ್ಚಿ ತೋರಿಸಿದ. "ನಿಂದೇ ಸಹಿ. ನೋಡ್ಕೋ."

ಅವಳದೇ. ಒಂಬತ್ತು ವರ್ಷದ ಹಿಂದೆ ಸೇರುವಾಗ ತಾರೀಕಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಂಡಿದ್ದ. ಎಲ್ಲರ ಹತ್ತಿರವೂ ಹಾಕಿಸಿಕೊಳ್ಳುತ್ತಾನೆ. ಆ ವರ್ಷವೇ ಅವಳು ಸಾಕ್ಷರತಾ ತರಗತಿಗೆ ಹೋಗಿ ಹೆಸರು ಬರೆಯಲು ಕಲಿತಿದ್ದಳು. ಕಲಿತ ಅಕ್ಷರವನ್ನು ಕಾಗದದ ಮೇಲೆ ಮೊದಲು ಇಟ್ಟದ್ದು ಅಲ್ಲೇ. ಆಗ ಹೆಮ್ಮೆಪಟ್ಟಿದ್ದಳು. ಈಗ ಖಾಲಿಯಿದ್ದ ಜಾಗದಲ್ಲಿ ಬೇರೆ ಬಣ್ಣದ ಮಸಿಯಲ್ಲಿ ನಿನ್ನೆಯ ತಾರೀಕು ಬಿದ್ದಿತ್ತು. ಕೆಳಗಿನ ಸಾಲು: 'ಸ್ವಂತ ಇಚ್ಛೆಯಿಂದ.'

ಇನ್ಸಾಫ್ ನಕ್ಕಳು. ಹಾಜಿಗೆ ಆ ನಗು ಹಿಡಿಸಲಿಲ್ಲ.

"ಯಾಕೇ ಹಲ್ಲು ಕಿರೀತೀಯ?"

"ಎಂಬತ್ತು ವರ್ಷ ಆಗ್ತಾ ಬಂತಲ್ಲೋ ಹಾಜಿ. ಕಾಗದ ಕೂಡ ಬದಲಾಯಿಸ್ಲಿಲ್ವಲ್ಲೋ ನೀವು, ನಿಮ್ ಮುಖಕ್ಕಿಷ್ಟು!"

ಪ್ರದರ್ಶನ ಆರಂಭವಾದ ದಿನ ಮಧ್ಯಾಹ್ನ ಇನ್ಸಾಫ್ ಹಬ್ಬಕ್ಕೆ ಉಡುವ ಕಪ್ಪು ಗಲಬಿಯ್ಯ ನಿಲುವಂಗಿ ಹಾಕಿಕೊಂಡು, ಮೊದಲ ಸಲ ಮುಂಬಾಗಿಲಿನಿಂದ ಬಂದಳು. ಬದವಿ ಕೈ ಅಡ್ಡ ಇಟ್ಟ.

"ಅಕ್ಕಾ, ನನ್ ಕಾಗದಾನೂ ಹಾಜಿ ಹತ್ರಾನೇ ಐತೆ."

"ಗೊತ್ತು ಬದವಿ. ಎಲ್ಲಾರಿಗೂ ಬಾಗಿಲು ತೆಗೆದಿದೆ ಅಂತ ಬರ್ದವ್ರಲ್ಲ. ನಾನೂ ನೋಡೋಕೇ ಬಂದಿದೀನಿ."

ಅವನು ಶೂ ದಾರ ಕಟ್ಟಲು ಬಗ್ಗಿದ. ಅವಳು ಒಳಗೆ ಹೋದಳು.

ದೊಡ್ಡ ಹಾಲಿನಲ್ಲಿ ಅತಿಥಿಗಳು, ನಿಂಬೆ ಶರಬತ್ತು, ಕ್ಯಾಮರಾಗಳು. ಗಾಜಿನ ಪೆಟ್ಟಿಗೆಯಲ್ಲಿ ಮೊದಲನೆಯ ಹಾಳೆ ಮಾತ್ರ ಇತ್ತು. ಉಳಿದೆರಡನ್ನು ಅದರ ಅಡಿಗೆ ಮಡಚಿಟ್ಟಿದ್ದರು. ಹಿಂದೆ ಗೋಡೆಯಗಲ ಬಿಳಿಯ ಫಲಕ, ಅದರ ಮೇಲೆ ಅರೇಬಿಕ್ ಮತ್ತು ಫ್ರೆಂಚಿನಲ್ಲಿ ಹಾನಿಮ್ ಹೆಸರು, ಅದರ ಕೆಳಗೆ: 'ಹೆಸರಿಲ್ಲದವರ ಪರವಾಗಿ ಒಂದು ಧ್ವನಿ.' ಲಮ್ಯಾ ವೇದಿಕೆಯ ಮೇಲೆ ಮಾತಾಡುತ್ತಿದ್ದಳು. "ನನ್ನ ಶೋಧದ ಪ್ರಕಾರ ಹಾನಿಮ್ ಅವರ ಸಲಹೆಯಂತೆ ಹಾಕಿದ ಈ ಕಚ್ಚುಗಳು..." ಎಂದವಳು ಇನ್ಸಾಫಳನ್ನು ಕಂಡು, ಶೋಧದ ಮುಂದಿನ ವಾಕ್ಯ ಮರೆತಳು.

ಬಾಗಿಲ ಬಳಿಯ ಮೇಜಿನ ಮೇಲೆ, ಮಕ್ಕಳು ನೆನಪಿಗೆ ಹಾನಿಮ್ ಮುಖದ ಅಚ್ಚು ಒತ್ತಿಕೊಳ್ಳಲೆಂದು ಮಸಿಯ ಡಬ್ಬಿ ಇಟ್ಟಿದ್ದರು. ಇನ್ಸಾಫ್ ಡಬ್ಬಿ ಎತ್ತಿಕೊಂಡಳು, ದಾರ ಬಿಚ್ಚಿದಳು, ಹಿತ್ತಾಳೆಯನ್ನು ಮಸಿಗೆ ಅದ್ದಿ ಬಿಳಿಯ ಫಲಕಕ್ಕೆ ಒತ್ತಿದಳು.

"ನಬವಿಯ್ಯಾ ಮುರ್ಸಿ," ಅಂದಳು, ದನಿ ಏರಿಸದೆ.

ಮತ್ತೆ ಒತ್ತಿದಳು. "ಫತ್‌ಹಿಯ್ಯಾ." ಮತ್ತೆ. "ಬಹಿಯ್ಯಾ, ಬೀಗ ಒಡೆದೋಳು." ಅಜ್ಜಿಯ ಬಾಯಿಂದ ಕೇಳಿದ ಹೆಸರು ಆರೇ ಆರು. ಏಳನೆಯದರಿಂದ ಮುಂದೆ ಅವಳು ಬಾಯಿ ಮುಚ್ಚಿ ಒತ್ತುತ್ತ ಹೋದಳು.

"ಹಿಡೀರಿ ಅವಳನ್ನ! ಬದವಿ! ಎಲ್ಲಿ ಸತ್ತ ಇವನು?" ಡಾ. ಇಸ್ಮತ್ ಕ್ಯಾಮರಾಗಳ ಕಡೆ ನೋಡಿ ದನಿ ತಗ್ಗಿಸಿದರು. "ಏ ಹೊಸಬಳೇ, ಒದ್ದೆ ಬಟ್ಟೆ ತಾ. ಒರೆಸು ಇದನ್ನ, ಬೇಗ."

ಇನ್ಸಾಫಳ ಜಾಗಕ್ಕೆ ಬಂದ ಹೆಂಗಸು ಬಕೆಟ್ಟು ಹಿಡಿದು ಓಡಿ ಬಂದಳು. ಐದು ತಿಂಗಳ ಬಸುರಿ. ಸೇರಿ ನಾಲ್ಕು ದಿನವಾಗಿತ್ತು. ಅವಳು ಫಲಕ ನೋಡಿದಳು, ಇನ್ಸಾಫಳ ಕೈ ನೋಡಿದಳು.

"ನಿನ್ ಹತ್ರಾನೂ ತಾರೀಕಿಲ್ಲದ ಕಾಗದ ಬರೆಸ್ಕೊಂಡ್ನಾ ಹಾಜಿ?" ಇನ್ಸಾಫ್ ಒತ್ತುತ್ತಲೇ ಕೇಳಿದಳು.

ಹೆಂಗಸು ಬಟ್ಟೆಯನ್ನು ನೀರಿಗೆ ಅದ್ದಿ, ಹಿಂಡಿ, ಮತ್ತೆ ಅದ್ದಿ, ಹಿಂಡಿದಳು. ಬಕೆಟ್ಟಿನ ನೀರು ತಿಳಿಯಾಗಿಯೇ ಇತ್ತು.

"ಹೋಗ್ತಾ ಇಲ್ಲ ಡಾಕ್ಟ್ರಮ್ಮಾ," ಅಂದಳು, ಫಲಕದಿಂದ ಎರಡು ಮಾರು ದೂರದಲ್ಲಿ ನಿಂತು. "ಎಷ್ಟು ತಿಕ್ಕಿದ್ರೂ ಹೋಗ್ತಾನೇ ಇಲ್ಲ."

ಇನ್ಸಾಫ್ ನಲವತ್ತಮೂರರಲ್ಲಿ ಹತ್ತೊಂಬತ್ತನೆಯದನ್ನು ಒತ್ತಿದಳು.