ಸೂಲಗಿತ್ತಿಯ ಮೂವತ್ತೆಂಟು ಪುಸ್ತಕಗಳು

ಹತ್ತು ವರ್ಷದಲ್ಲಿ ಒಮ್ಮೆಯೂ ಎರವಲು ಹೋಗದ ಪುಸ್ತಕವನ್ನು ರದ್ದಿಗೆ ಹಾಕಬೇಕು ಎಂದು ನಮ್ಮ ಗ್ರಂಥಾಲಯದಲ್ಲಿ ಒಂದು ನಿಯಮವಿದೆ. ವಿಶೇಷ ಸಂಗ್ರಹದ ಪುಸ್ತಕಗಳನ್ನು ಯಾರಿಗೂ ಎರವಲು ಕೊಡಬಾರದು ಎಂದು ಇನ್ನೊಂದು ನಿಯಮವಿದೆ. ಎರಡನ್ನೂ ಒಬ್ಬರೇ ಬರೆದರೆಂದು ಕಾಣುತ್ತದೆ, ಬಹುಶಃ ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು. ವಿಶೇಷ ಸಂಗ್ರಹದ ಕೋಣೆಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವ ನನಗೆ, ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ದಿನ ಬಂದೇ ಬರುತ್ತದೆಂದು ಗೊತ್ತಿತ್ತು. ಬಂತು, ರದ್ದಿ ಆದೇಶವಾಗಿ, ಮೂರು ಪ್ರತಿಗಳಲ್ಲಿ.

ರದ್ದಿ ಪಟ್ಟಿಯ ಮೊದಲ ಕಂತಿನಲ್ಲಿದ್ದದ್ದು ಒಬ್ಬ ಸೂಲಗಿತ್ತಿಯ ಮೂವತ್ತೆಂಟು ಪುಸ್ತಕಗಳು. ನಲವತ್ತು ವರ್ಷ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಹೆಂಗಸು ಆಕೆ. ಪ್ರತಿ ಹೆರಿಗೆಗೂ ಎರಡು ಮೂರು ಸಾಲು: ಯಾವ ಮನೆ, ಎಷ್ಟನೆಯ ಹೆರಿಗೆ, ಗಂಡೋ ಹೆಣ್ಣೋ, ಕೈಕಾಲು ನೆಟ್ಟಗಿದೆಯೋ ಇಲ್ಲವೋ. ತಾಯಂದಿರ ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಹಿಂದೊಮ್ಮೆ ನಮ್ಮಲ್ಲಿ ಸಂರಕ್ಷಣಾ ಸಪ್ತಾಹ ನಡೆದಾಗ, ಕಪಾಟಿನಲ್ಲಿ ಅಂದವಾಗಿ ಕಾಣಲೆಂದು ಅವನ್ನು ಎತ್ತರದ ಪ್ರಕಾರ ಜೋಡಿಸಿ, ಅದೇ ಕ್ರಮದಲ್ಲಿ ನಂಬರು ಅಂಟಿಸಿದರು. ಹಾಗಾಗಿ ಒಂದನೇ ಪುಸ್ತಕದಲ್ಲಿ ಮೊಮ್ಮಗಳು ಹುಟ್ಟಿದರೆ ಒಂಬತ್ತನೆಯದರಲ್ಲಿ ಅವಳ ಅಜ್ಜಿ ಹುಟ್ಟುತ್ತಾಳೆ.

ನಾನು ನಿರ್ದೇಶಕರ ಹತ್ತಿರ ಹೋದೆ. ಅವರನ್ನು ನಾವು ಬೆನ್ನ ಹಿಂದೆ ‘ಸುತ್ತೋಲೆ’ ಎನ್ನುತ್ತೇವೆ. ಕಾಗದ ಉಳಿಸಿ ಎಂದು ಹೇಳುವುದಕ್ಕೆ ಮೇಜಿಗೆ ಎರಡೆರಡು ಹಾಳೆ ಕಳಿಸಿದ ಪುಣ್ಯಾತ್ಮರು. ಎಡಗೈಗೆ ಆರು ಬೆರಳು. ಆ ಕೈಯನ್ನು ಯಾವಾಗಲೂ ಫೈಲಿನ ಕೆಳಗೆ ಇಟ್ಟುಕೊಂಡಿರುತ್ತಾರೆ.

“ಸರ್, ಹೊರಗೆ ಕೊಡಬಾರದು ಅಂತ ಮುದ್ರೆ ಹಾಕಿಸಿದ್ದು ನಾವೇ. ಹೊರಗೆ ಹೋಗಿಲ್ಲ ಅಂತ ಈಗ ನಾವೇ ರದ್ದಿಗೆ ಹಾಕಿದರೆ ಹೇಗೆ?”

“ನೋಡಿ ಮೇಡಂ, ಅದು ಸಂರಕ್ಷಣೆ ಫೈಲು. ಇದು ವಿಲೇವಾರಿ ಫೈಲು. ಎರಡನ್ನೂ ಕಲಸಬೇಡಿ.”

“ಪುಸ್ತಕ ಒಂದೇ ಅಲ್ವಾ ಸರ್?”

“ಪುಸ್ತಕ ಒಂದೇ. ಫೈಲು ಎರಡು,” ಎಂದರು, ಮಗುವಿಗೆ ಲೆಕ್ಕ ಹೇಳಿಕೊಡುವಷ್ಟು ತಾಳ್ಮೆಯಿಂದ. ರದ್ದಿ ಒಯ್ಯುವ ಲಾರಿ ಬರಲು ಎರಡು ವಾರವಿತ್ತು.

ಮೈಯೆಲ್ಲ ಉರಿದುಹೋಯಿತು. ನಿಯಮಗಳ ಪುಸ್ತಕ ಇಡೀ ತಿರುವಿ ಹಾಕಿದೆ. ಕೊನೆಗೆ ಒಂದು ಸಂದಿ ಸಿಕ್ಕಿತು: ಓದುಗರು ಬೇಡಿಕೆ ಚೀಟಿ ಬರೆದು, ಓದುವ ಕೋಣೆಯಲ್ಲಿ ಕೂತು ನೋಡಿದ ಪುಸ್ತಕವನ್ನು ಪಟ್ಟಿಯಿಂದ ಬಿಡಬಹುದು. ಒಬ್ಬರಿಗೆ ದಿನಕ್ಕೆ ಮೂರೇ ಪುಸ್ತಕ. ಅಂದರೆ ದಿನವೂ ಬಂದು ಕೂರುವ ಓದುಗರೊಬ್ಬರು ಬೇಕು. ನಮ್ಮ ಮನೆಯಲ್ಲಿ ಪುರುಸೊತ್ತಿದ್ದದ್ದು ಅತ್ತೆಗೆ ಮಾತ್ರ. ಎಪ್ಪತ್ತನಾಲ್ಕು ವರ್ಷ. ನನ್ನ ಕೆಲಸವನ್ನು ಅವರು ‘ಧೂಳು ಹೊಡೆಯೋದು’ ಎಂದು ಕರೆಯುತ್ತಿದ್ದರು.

“ಸುಮ್ಮನೆ ಸಹಿ ಹಾಕಿ ಕೂತರೆ ಸಾಕು ಅತ್ತೆ. ಫ್ಯಾನು ಇದೆ,” ಎಂದೆ.

“ಯಾರ ಪುಸ್ತಕ?”

ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. 

“ನನ್ನ ಚೊಚ್ಚಲ ಹೆರಿಗೆಗೂ ಅವಳೇ ಬಂದಿದ್ದಳು ಕಣೇ,” ಎಂದರು. “ನಿನ್ನ ಗಂಡನಿಗಿಂತ ಮುಂಚೆ ಒಂದು ಹೆಣ್ಣು. ಸತ್ತೇ ಹುಟ್ಟಿತು ಅಂದರು. ನನಗೆ ಅಳು ಕೇಳಿಸಿತ್ತು. ‘ನಿನಗೆ ಎಚ್ಚರವೇ ಇರಲಿಲ್ಲ, ಭ್ರಮೆ’ ಅಂದರು ನಮ್ಮತ್ತೆ. ಐವತ್ತಮೂರು ವರ್ಷದಿಂದ ಭ್ರಮೆ ಅಂತಲೇ ಇಟ್ಟುಕೊಂಡಿದ್ದೀನಿ. ಅವಳು ಏನು ಬರೆದಿದ್ದಾಳೋ ನೋಡಬೇಕು.”

ನನಗೆ ನಾಚಿಕೆಯಾಯಿತು. ನನ್ನದೇ ಕಪಾಟಿನಲ್ಲಿ ನನ್ನದೇ ಮನೆಯ ಮಗುವೊಂದು ಇಪ್ಪತ್ತೆರಡು ವರ್ಷದಿಂದ ಇತ್ತು. ನಾನು ನಿಜಕ್ಕೂ ಧೂಳು ಹೊಡೆಯುತ್ತಿದ್ದೆ.

ಮರುದಿನ ಹತ್ತು ಗಂಟೆಗೆ ಅತ್ತೆ ಕನ್ನಡಕ ಒರೆಸಿಕೊಂಡು ಹಾಜರು. ಯಾವ ಪುಸ್ತಕದಲ್ಲಿ ಯಾವ ವರ್ಷವಿದೆಯೋ ದೇವರಿಗೇ ಗೊತ್ತು, ಆದ್ದರಿಂದ ಒಂದನೇ ನಂಬರಿನಿಂದ ಶುರು ಮಾಡಿದರು. ಹುಡುಕುತ್ತಿದ್ದ ಸಾಲು ‘ಕೊಡೆ ರಿಪೇರಿ ಅಂಗಡಿ ಮೇಲಿನ ಮನೆ, ದೊಡ್ಡ ಸೊಸೆ, ಚೊಚ್ಚಲು’ ಎಂದಿರಬೇಕು. ದಾರಿಯಲ್ಲಿ ಸಿಕ್ಕವರನ್ನೂ ಮಾತಾಡಿಸದೆ ಬಿಡಲಿಲ್ಲ. “ಅಯ್ಯೋ, ಇವಳಿಗೆ ಅವಳಿ ಇತ್ತಾ?” ಎನ್ನುವರು, ನಗುವರು, ಮೂಗು ಮುರಿಯುವರು. ಆ ಕೋಣೆಯಲ್ಲಿ ಅಷ್ಟು ಸದ್ದು ನಾನು ಕೇಳಿಯೇ ಇರಲಿಲ್ಲ.

ನಾಲ್ಕನೆಯ ದಿನ ಸುತ್ತೋಲೆ ಕಾರಿಡಾರಿನಲ್ಲಿ ಎದುರಾದರು. ಅತ್ತೆ ಅವರನ್ನು ತಡೆದು ನಿಲ್ಲಿಸಿದರು.

“ನೀನು ಗಡಿಯಾರ ರಿಪೇರಿಯವರ ಮಗ ಅಲ್ವೇನಪ್ಪಾ? ನಾನು ಮದುವೆಯಾಗಿ ಬಂದಾಗ ನಿನಗೆ ಏಳು ವರ್ಷ. ನೀನು ಹುಟ್ಟಿದ್ದು ಒಳಗಿನ ಪುಸ್ತಕದಲ್ಲಿದೆ. ‘ಗಂಡು, ಎಡಗೈಗೆ ಆರು ಬೆರಳು, ಮಿಕ್ಕಿದ್ದೆಲ್ಲ ಚೆನ್ನಾಗಿದೆ’ ಅಂತ ಬರೆದಿದ್ದಾಳೆ. ತಾರೀಕು ವರ್ಷ ಎಲ್ಲ ಇದೆ. ಅರವತ್ತೊಂದು ತುಂಬಿತಲ್ಲೋ ನಿನಗೆ.”

ಅವರ ಮುಖ ಸಣ್ಣದಾಯಿತು. ನಮ್ಮಲ್ಲಿ ಅರವತ್ತಕ್ಕೆ ನಿವೃತ್ತಿ. ಸೇವಾ ಪುಸ್ತಕದ ಪ್ರಕಾರ ಅವರಿಗೆ ಐವತ್ತೆಂಟು. ಶಾಲೆಗೆ ಸೇರಿಸುವಾಗ ಯಾರೋ ಮೂರು ವರ್ಷ ಕಮ್ಮಿ ಬರೆಸಿದ್ದರು, ಆ ಮೂರು ವರ್ಷದ ಬಲದ ಮೇಲೆ ಅವರು ಇನ್ನೂ ಆ ಕುರ್ಚಿಯಲ್ಲಿದ್ದರು.

ಮಧ್ಯಾಹ್ನಕ್ಕೆ ಸುತ್ತೋಲೆ ಹೊರಟಿತು. ಸೂಲಗಿತ್ತಿಯ ಪುಸ್ತಕಗಳು ಇದ್ದಕ್ಕಿದ್ದಂತೆ ಅಮೂಲ್ಯವಾಗಿದ್ದವು. ರದ್ದಿ ಪಟ್ಟಿಯಿಂದ ಮೂವತ್ತೆಂಟನ್ನೂ ತೆಗೆಯಲಾಗಿತ್ತು. ಬೆಳಕು, ತೇವ, ಉಸಿರು ಮತ್ತು ಬೆರಳುಗಳಿಂದ ಅವನ್ನು ಕಾಪಾಡುವ ಸಲುವಾಗಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು, ಬೀಗದ ಕೈ ನಿರ್ದೇಶಕರ ಬಳಿ ಇರತಕ್ಕದ್ದು, ಯಾರೂ ನೋಡತಕ್ಕದ್ದಲ್ಲ. ನಾನು ಅಷ್ಟು ಬಾಯಿ ಬಡಿದುಕೊಂಡರೂ ಸಿಗದ ಸಂರಕ್ಷಣೆ ಎರಡು ಗಂಟೆಯಲ್ಲಿ ಸಿಕ್ಕಿತ್ತು. ಅತ್ತೆ ಹನ್ನೆರಡು ಪುಸ್ತಕ ಮುಗಿಸಿದ್ದರು. ಅವರ ಸಾಲು ಸಿಕ್ಕಿರಲಿಲ್ಲ.

ಸಹೋದ್ಯೋಗಿಗಳು ನನ್ನ ಕೈ ಕುಲುಕಿದರು. ಪುಸ್ತಕ ಉಳಿಯಿತಲ್ಲ, ಇನ್ನೇನು ಬೇಕು ಎಂದರು.  ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅತ್ತೆ ಕನ್ನಡಕ ಹಾಕಿಕೊಂಡು ಮನೆಯ ಬಾಗಿಲ ಹತ್ತಿರ ಕೂತಿದ್ದರು. ಅದನ್ನು ನೋಡಿ ನಾನು ನೇರ ನಿರ್ದೇಶಕರ ಕೋಣೆಗೆ ಹೋದೆ.

“ಸರ್, ನಮ್ಮತ್ತೆಗೆ ಓದೋಕೆ ಬಿಟ್ಟರೆ ಅವರ ಪಾಡಿಗೆ ಓದ್ತಾರೆ. ಬಿಡದಿದ್ದರೆ ಮನೇಲಿ ಕೂತು ಬೇಜಾರಾಗಿ, ಹೋಗಿ ಬರೋರ ಹತ್ತಿರ ಮಾತಾಡ್ತಾರೆ. ಮಾತಿನಲ್ಲಿ ಅವರದು ಎತ್ತಿದ ಕೈ.”

ಅವರು ನನ್ನನ್ನು ನೋಡಿದರು. ನಾನು ಗೋಡೆ ಗಡಿಯಾರ ನೋಡಿದೆ. ಅನುಮತಿ ಸಿಕ್ಕಿತು, ಒಂದು ಷರತ್ತಿನ ಮೇಲೆ: ನಿರ್ದೇಶಕರೇ ಎದುರಿಗೆ ಕೂತು, ನಿರ್ದೇಶಕರೇ ಹಾಳೆ ತಿರುಗಿಸತಕ್ಕದ್ದು.

ಹೀಗೆ ಮೂರು ದಿನ ನಡೆಯಿತು. ದೂರದಿಂದ ಅತ್ತೆಗೆ ಅಕ್ಷರ ಕಾಣುತ್ತಿರಲಿಲ್ಲ, ಪುಸ್ತಕ ಹತ್ತಿರ ಕೊಡಲು ನಿರ್ದೇಶಕರು ಒಪ್ಪುತ್ತಿರಲಿಲ್ಲ. ಕೊನೆಗೆ ಅವರೇ ಗಟ್ಟಿಯಾಗಿ ಓದಬೇಕಾಯಿತು. ಯಾರದೋ ಮನೆಯ ಬಾಣಂತಿ, ಯಾರದೋ ಮಗುವಿನ ತೂಕ, ಎಲ್ಲವನ್ನೂ ಸುತ್ತೋಲೆಯ ಅದೇ ಒಣ ದನಿಯಲ್ಲಿ ಓದುತ್ತಿದ್ದರು. ನಾನು ಮೂಲೆಯಲ್ಲಿ ನಗು ತಡೆದುಕೊಂಡು ಕೂತಿರುತ್ತಿದ್ದೆ.

ಮೂರನೆಯ ದಿನ, ಇಪ್ಪತ್ತೊಂದನೆಯ ಪುಸ್ತಕದಲ್ಲಿ, ಅದೇ ದನಿಯಲ್ಲಿ ಓದಿದರು: “ಕೊಡೆ ರಿಪೇರಿ ಅಂಗಡಿ ಮೇಲಿನ ಮನೆ. ದೊಡ್ಡ ಸೊಸೆ, ಚೊಚ್ಚಲು. ಹೆಣ್ಣು. ಎರಡು ಸಲ ಅತ್ತಿತು. ಒಂದು ಗಂಟೆ ಹೊತ್ತು ಉಸಿರಿತ್ತು. ತಾಯಿಗೆ ತೋರಿಸಲು ಮನೆಯವರು ಬಿಡಲಿಲ್ಲ.”

ನನ್ನ ನಗು ನಿಂತುಹೋಯಿತು.

“ಇನ್ನೊಂದು ಸಲ ಓದಪ್ಪಾ,” ಎಂದರು ಅತ್ತೆ.

ಅವರು ಓದಿದರು. ಈ ಸಲ ದನಿ ಅಷ್ಟು ಒಣಗಿರಲಿಲ್ಲ.

“ಇದನ್ನೊಂದು ಹಾಳೆ ಮೇಲೆ ಬರೆದು ಮೊಹರು ಹಾಕಿಕೊಡು. ಮನೇಲಿ ಇಟ್ಟುಕೊಳ್ತೀನಿ.”

ಸುತ್ತೋಲೆ ಪೆನ್ನು ತೆಗೆದವರು ಹಾಗೇ ಕೈ ತಡೆದರು. ದೃಢೀಕರಿಸಿದ ನಕಲಿನ ನಮೂನೆ ಬರೆದವರು ಅವರೇ. ಅದರ ಕೊನೆಯ ಸಾಲು, ‘ಮೂಲವು ನಂಬಲರ್ಹ ದಾಖಲೆಯೆಂದು ಒಪ್ಪಿ’. ಅತ್ತೆಯ ಸಾಲನ್ನು ಒಪ್ಪಿದರೆ ಗಡಿಯಾರ ರಿಪೇರಿಯವರ ಮನೆಯ ಸಾಲನ್ನೂ ಒಪ್ಪಬೇಕು.

“ಅಮ್ಮಾ, ಇದು ಸರ್ಕಾರಿ ದಾಖಲೆ ಅಲ್ಲ,” ಎಂದರು. “ಆಕೆ ತಪ್ಪಾಗಿಯೂ ಬರೆದಿರಬಹುದು.”

ಅತ್ತೆಗೆ ಕೋಪ ಬರಲಿಲ್ಲ. “ನಿನ್ನ ಬೆರಳು ಎಣಿಸುವಾಗ ತಪ್ಪಿದಳೇನಪ್ಪಾ?” ಎಂದು ಕೇಳಿದರು.

ಫೈಲಿನ ಕೆಳಗಿದ್ದ ಕೈ ಹೊರಗೆ ಬಂತು. ಅದನ್ನು ಅವರು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಆ ಕೈಯಿಂದಲೇ ಹಾಳೆಯನ್ನು ಒತ್ತಿ ಹಿಡಿದು, ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಬೀರುವಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಮುಂದಿನ ತಿಂಗಳು ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿದರಂತೆ, ಕಾರಣ ಎಂಬಲ್ಲಿ ‘ವಯಸ್ಸು’ ಎಂದಿತ್ತಂತೆ. ನಾನು ಅವರನ್ನು ಆಡಿಕೊಂಡಷ್ಟು ಇನ್ಯಾರನ್ನೂ ಆಡಿಕೊಂಡಿಲ್ಲ, ಆದರೆ ಆ ಸಹಿಯೊಂದನ್ನು ಆಡಿಕೊಳ್ಳಲು ಮನಸ್ಸಾಗುವುದಿಲ್ಲ.

ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆ ಹಾಳೆಯನ್ನು ಮಡಿಸದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಎರಡು ನಿಲ್ದಾಣ ದಾಟಿತು. ಆಮೇಲೆ ನನ್ನ ಕಡೆ ತಿರುಗಿದರು.

“ಎರಡು ಸಲವಂತೆ ಕಣೇ,” ಎಂದರು. “ನನಗೆ ಒಂದೇ ಸಲ ಕೇಳಿಸಿತ್ತು.”