ನಾಕಿಸಾವಮೆಯ ಬಾಗಿಲಲ್ಲಿ

ಹೆಂಡತಿ ಕಿನುವಿನ ಅಂತ್ಯಕ್ರಿಯೆ ಮುಗಿಸಿದ ಮರುದಿನ ಬೆಳಿಗ್ಗೆ ಮುದುಕ ಕಿಸಬುರೊ ಎಂದಿನಂತೆ ಪೊರಕೆ ಹಿಡಿದು ಕಗುಯಾಮ ಗುಡ್ಡದ ಬುಡದ ಗುಡಿಗೆ ನಡೆದ. ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಕಾಲುಗಳು ತಾವಾಗಿ ರೂಢಿಯ ದಾರಿ ಹಿಡಿದಿದ್ದವು. ಗುಡಿಯ ಮುಂದಿನ ತೋರಿ ಎಂಬ ಹೆಬ್ಬಾಗಿಲ ಕಂಬಗಳ ನಡುವೆ ಹೆಜ್ಜೆ ಇಟ್ಟಿದ್ದನಷ್ಟೆ, ಒಳಗೆ ಎಲೆ ಗುಡಿಸುತ್ತಿದ್ದ ನೆರೆಮನೆಯ ತೊಮಿ ಕೂಗಿದಳು.

“ಅಯ್ಯೋ, ಕಾಲು ತೆಗಿ ಅಣ್ಣಾ! ನಿಂಗೆ ಸೂತಕ ಅಲ್ವಾ?”

ಕಿಸಬುರೊ ಬೆಚ್ಚಿ ಹಿಂದೆ ಸರಿದ. ಸಾವಾದ ಮನೆಯವರು ಐವತ್ತು ದಿನ ತೋರಿ ದಾಟುವಂತಿಲ್ಲ. ಸೂತಕವೆಂದು ಮನೆಯ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿ ಮುಚ್ಚಿದವನು ತಾನೇ, ಆದರೂ ಮರೆತಿದ್ದ.

“ನಿನ್ನ ಗುಡಿಸೋ ಪಾಳಿ ನಾನು ಮಾಡ್ತೀನಿ ಅಂತ ನಿನ್ನೇನೇ ಹೇಳಿರ್ಲಿಲ್ವಾ? ಹೋಗು, ಒಂದಿಷ್ಟು ಗಂಜಿ ಕುಡ್ದು ಮಲ್ಕೊ.”

“ಬಂದಿದ್ದು ಬಂದೆ. ದೇವಿ ಹತ್ರ ಒಂದು ಮಾತು ಆಡ್ಬೇಕಿತ್ತು.”

ಅಳುವ ದೇವಿ ನಾಕಿಸಾವಮೆಗೆ ಅಲ್ಲಿ ಮೂರ್ತಿಯಿಲ್ಲ. ಬೇಲಿಯ ಹಿಂದಿನ ಬಾವಿಯೇ ಅವಳು. ರೋಗಿಗಳ ಜೀವ ಬೇಡಲು ಊರವರು ಬರುವುದು ಅವಳಲ್ಲಿಗೆ. ಕಿಸಬುರೊ ಚಳಿಗಾಲವೆಲ್ಲ ಬೇಡಿದ್ದ. ಕಿನು ಉಳಿಯಲಿಲ್ಲ. ಅವಳು ಹೋದ ಮೇಲೆ ಇವನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದಾಗ ಅವನಿಗೆ ನಾಚಿಕೆಯಾಗಿತ್ತು.

“ಈ ನಾಡನ್ನೇ ಹೆತ್ತ ತಾಯಿ ಇಜನಾಮಿ ಸತ್ತಾಗ ಅವಳ ಗಂಡ ಇಜನಾಗಿ ದೇವ್ರು ಹೆಣದ ಸುತ್ತ ತೆವಳಿ ಅತ್ತನಲ್ಲ, ಆ ಕಣ್ಣೀರಲ್ಲಿ ಹುಟ್ಟಿದೋಳು ಇವಳು. ಸೂತಕದ ಮನೇಲೇ ಹುಟ್ಟಿದೋಳಿಗೆ ನನ್ನ ಸೂತಕ ತಟ್ಟತ್ತಾ ತೊಮಿ?”

“ನನ್ನ ಕೇಳಿದ್ರೆ? ನೇಮ ಮಾಡಿದೋಳು ನಾನಾ? ಅದೇನು ಅಂತ ಹೇಳು, ನಾನೇ ಹೇಳ್ಬಿಟ್ಟು ಬರ್ತೀನಿ.”

ದೇವಿಯೊಡನೆ ಜಗಳಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಕಿಸಬುರೊ ಬದಿಗಿಟ್ಟ.

“ಸಾಕಾಗಿದೆ ಅಂತ ಹೇಳು.”

“ಅಷ್ಟೇನಾ?”

“ಅಷ್ಟೇ ಕಣಮ್ಮ.”

ತೊಮಿ ಬಾವಿಯ ಮುಂದೆ ಬಾಗಿ, ದೇವರನ್ನು ಕರೆಯುವ ರೂಢಿಯಂತೆ ಚಪ್ಪಾಳೆ ತಟ್ಟಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಹುಟ್ಟಿನಿಂದಲೇ ಬಾರದು.

“ಏನಮ್ಮಾ, ಕಿಸಬುರೊ ಅಣ್ಣಂಗೆ ಸಾಕಾಗಿದೆಯಂತೆ! ಅಷ್ಟು ಬೇಡ್ಕೊಂಡ್ನಲ್ಲ, ನಿಂಗೆ ಕಿವಿ ಇಲ್ವಾ? ಕಿನು ಏನು ತಪ್ಪು ಮಾಡಿದ್ಲು? ಅಳೋದು ಬಿಟ್ಟು ಇನ್ನೇನೂ ಬರಲ್ವಾ ನಿಂಗೆ?”

ಕಿಸಬುರೊ ಆಡಬೇಕೆಂದಿದ್ದುದೂ ಇದನ್ನೇ. ಇನ್ನೊಬ್ಬರ ಬಾಯಲ್ಲಿ ಕೇಳಲು ಮಾತ್ರ ಅವನಿಂದಾಗಲಿಲ್ಲ.

“ಬೈಬೇಡ ತೊಮಿ,” ಎಂದು ಹೊರಗಿನಿಂದಲೇ ಕೂಗಿದ. “ಅವಳನ್ನ ಬೈಬೇಡ. ಪಾಪ, ಅವಳು ತಾನೇ ಏನು ಮಾಡ್ಯಾಳು...”

ಕಂಬದ ಈಚೆಯ ಮಣ್ಣಿನಲ್ಲಿ ಕುಸಿದು ಕೂತು ಮುದುಕ ಬಿಕ್ಕಿ ಬಿಕ್ಕಿ ಅತ್ತ.

ತೊಮಿ ಓಡಿ ಬಂದವಳು ಅವನನ್ನು ಎಬ್ಬಿಸಲು ಹೋಗಲಿಲ್ಲ. ಪಕ್ಕದಲ್ಲೇ ಕೂತಳು.