ಕ್ಲಾರಿಂಡಾಳ ತಟ್ಟೆ

"ಇಷ್ಟೊಂದು ಕಸ ಇಟ್ಕೊಂಡು ಹ್ಯಾಗಮ್ಮ ಇರ್ತೀರಿ ನೀವು ಜನ? ಒಡೆದ ಪಿಂಗಾಣಿ, ಚಿಪ್ಪು, ನಿಂತ್ಹೋದ ಗಡಿಯಾರ! ಆರು ಚೀಲ ತುಂಬಿದ್ವಿ."

ಜಿಲ್ಲಾ ಮಂಡಳಿಯ ಮೆಂಬರು ಹಾಲ್‌ಸ್ಟೆಡ್ ಸಾಹೇಬ ಅಡಿಗೆಮನೆಯ ಬಾಗಿಲಲ್ಲಿ ಕೈಗವಸು ಬಿಚ್ಚುತ್ತ ನಕ್ಕ. ವರ್ಡೆಲ್ ಗ್ಯಾಡ್ಸ್‌ಡನ್ ಸೀಗಡಿ ಸಾರಿನ ಸೌಟು ಹಿಡಿದಂತೆಯೇ ನಿಂತಳು. ಈ ಚರ್ಚಿನ ಒಲೆಯ ಮುಂದೆ ಮೂವತ್ತೊಂದು ವರ್ಷ ಬೆಂದವಳು ಅವಳು.

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಆ ಇಪ್ಪತ್ತೆಂಟು ದಿನ ಬಿಳಿಯರಿಗೆ ಈ ಚರ್ಚಿನ ಕಪ್ಪು ಜನರ ಮೇಲೆ ಎಲ್ಲಿಲ್ಲದ ಅಕ್ಕರೆ. ಈ ಸಲ ಸಾಹೇಬನ ಜೊತೆ ಪೇಟೆಯ ಬಿಳಿಯರ ಚರ್ಚಿನಿಂದ ಮೂವತ್ತು ಜನ 'ಸೇವೆ' ಮಾಡಲು ಬಂದಿದ್ದರು. ಹೆಂಗಸರೆಲ್ಲ ಅವರಿಗೇ ಅಡಿಗೆ ಮಾಡುತ್ತಿದ್ದಾಗ ಅವರು ಹಿತ್ತಲ ಓಕ್ ಮರಗಳ ಬುಡ ಗುಡಿಸಿದ್ದರು.

"ನಿನ್ ಬಾಯಿಗ್ ಮಣ್ಣಾಕ, ಅದು ಗೋರಿ ಕಣಯ್ಯಾ!" ರೊಟ್ಟಿ ಕೊಯ್ಯುತ್ತಿದ್ದ ಯೂಲಾಲಿ ಕಿರುಚಿದಳು.

ಈ ಕೆರೊಲಿನಾ ಕರಾವಳಿಯಲ್ಲಿ ಸತ್ತವರು ಕೊನೆಗೆ ಉಂಡ ತಟ್ಟೆಯನ್ನು ಒಡೆದು ಗೋರಿಯ ಮೇಲಿಡುತ್ತಾರೆ. ಗುಲಾಮರಾಗಿದ್ದ ಹಿರಿಯರಿಗೆ ಕಲ್ಲು ಕೆತ್ತಿಸಿ ನಿಲ್ಲಿಸುವ ಭಾಗ್ಯ ಎಲ್ಲಿತ್ತು? ತಟ್ಟೆಯೇ ಅವರ ಹೆಸರು. ಅದನ್ನು ಎತ್ತಿಬಿಟ್ಟರೆ ಉಳಿಯುವುದು ಬರೀ ನೆಲ.

"ಛೆ ಛೆ, ಹೌದಾ? ಗೊತ್ತೇ ಇರಲಿಲ್ಲ ನೋಡಿ. ಒಂದು ಕಲ್ಲೂ ಇಲ್ವಲ್ಲ ಅಲ್ಲಿ" ಎಂದ ಸಾಹೇಬ.

ಆ 'ಛೆ ಛೆ' ವರ್ಡೆಲ್‌ಗೆ ಹಿಡಿಸಲಿಲ್ಲ. ಗೊತ್ತಿಲ್ಲದೆ ಗೋರಿ ತುಳಿದವನು ಬೆಚ್ಚಬೇಕು. ಇವನು ಬೆಚ್ಚಲಿಲ್ಲ. ಬಾಯಲ್ಲಿ ಶರಣು, ಬಗಲಲ್ಲಿ ದೊಣ್ಣೆ ಅನ್ನುತ್ತಾರೆ. ಇವನ ಬಗಲಲ್ಲಿ ನೀಲಿ ಫೈಲಿತ್ತು.

ಅವಳು ಹಿತ್ತಲಿಗೆ ಹೋಗಿ ಚೀಲಗಳಿಗೆ ಕೈ ಹಾಕಿದಳು. ಮೂರನೆಯದರಲ್ಲಿ ಸಿಕ್ಕಿತು: ಅಂಚಿಗೆ ನೀಲಿ ಬಳ್ಳಿ, ನಡುವೆ ಉದ್ದನೆಯ ಸೀಳು. ಮುತ್ತಜ್ಜಿ ಕ್ಲಾರಿಂಡಾಳ ತಟ್ಟೆ. ಪ್ರತಿ ಈಸ್ಟರಿಗೂ ತೊಳೆದು ಅದೇ ಜಾಗದಲ್ಲಿ ಇಡುತ್ತಿದ್ದಳು. ಈಗ ಆ ಜಾಗ ಎಲ್ಲಿ? ಮರಗಳ ನಡುವೆ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಸಾಲಾಗಿ ನಿಂತಿದ್ದವು. ಗುಡಿಸಲು ಬಂದವರಿಗೆ ಗೂಟ ಯಾಕೆ ಬೇಕಿತ್ತು?

"ಬೇವರ್ಸಿ ನನ್ಮಕ್ಳು" ಎಂದಳು. ತಟ್ಟೆಯನ್ನು ಎದೆಗೊತ್ತಿಕೊಂಡು ಒಳಗೆ ನಡೆದಳು.

ಊಟದ ಮನೆಯಲ್ಲಿ ಸಾಹೇಬನ ಪಕ್ಕ ಈ ಚರ್ಚಿನ ಪಾದ್ರಿ ಅಮೋಸ್ ಕೂತಿದ್ದರು. ನೀಲಿ ಫೈಲು ಮುಂದೆ ತೆರೆದಿತ್ತು.

"ಏನ್ ಪಾದ್ರಿಗಳೇ ಅದು?"

"ಏನಿಲ್ಲ ವರ್ಡೆಲಕ್ಕ. ಹಿಂದ್ಗಡೆ ಹೈವೇ ಬತ್ತದಂತೆ. ಅಲ್ಲಿ ಗೋರಿ ಇಲ್ಲ ಅಂತ ಒಂದ್ ರುಜು ಹಾಕುದ್ರೆ, ನಮ್ ಚರ್ಚಿನ ಸೋರೋ ಸೂರು ಅವ್ರೇ ಮಾಡಿಸ್ಕೊಡ್ತಾರಂತೆ." ಪಾದ್ರಿ ಅವಳ ಮುಖ ನೋಡದೆ ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಸಾಹೇಬ ಎದ್ದು ಒಂದು ಸನ್ಮಾನದ ಹಿತ್ತಾಳೆ ಫಲಕ ಎತ್ತಿ ಹಿಡಿದ. ಕ್ಯಾಮೆರಾದವನು ಮುಂದೆ ಬಂದ. "ಮೂವತ್ತೊಂದು ವರ್ಷ ಎಲ್ಲರಿಗೂ ಉಣಬಡಿಸಿದ ತಾಯಿ ಇವರು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ ಸೇವೆ ಮಾಡಿದ್ದಾರೆ. ಬನ್ನಿ ಅಮ್ಮ, ಸ್ವಲ್ಪ ನಗಿ."

"ಕಾಲು ತೊಳ್ದೋನ್ನ ಮಾರ್ನೇ ದಿನಾನೇ ಮೊಳೆ ಹೊಡ್ದು ನೇತಾಕಿದ್ರು, ಸಾಯೇಬ್ರೇ."

ಯೂಲಾಲಿ ಕಿಸಕ್ಕನೆ ನಕ್ಕಳು.

"ಫಲಕ ಆಮ್ಯಾಕೆ. ಮೊದ್ಲು ಕೂತ್ಕಳಿ, ಬಡಿಸ್ತೀನಿ" ಎಂದಳು ವರ್ಡೆಲ್. ಕ್ಲಾರಿಂಡಾಳ ತಟ್ಟೆಯನ್ನು ಮಣ್ಣು ಸಮೇತ ಸಾಹೇಬನ ಮುಂದೆ, ರುಜು ಹಾಕಬೇಕಿದ್ದ ಕಾಗದದ ಮೇಲೇ ಇಟ್ಟು, ಅನ್ನ ಹಾಕಿ, ಎರಡು ಸೌಟು ಬಿಸಿ ಸಾರು ಸುರಿದಳು.

"ಏನಿದು? ತಟ್ಟೆ ಒಡೆದಿದೆ! ಮಣ್ಣಾಗಿದೆ!" ಎಂದ ಸಾಹೇಬ.

"ನಮ್ ಮುತ್ತಜ್ಜಿ ಕಡೇ ತುತ್ತು ಉಂಡಿದ್ದು ಇದ್ರಲ್ಲೇ. ಗೋರಿನೇ ಇಲ್ಲ ಅಂದ್ಮೇಲೆ ಇದು ಬರೀ ತಟ್ಟೆ ತಾನೇ? ಉಣ್ಣಿ."

ಸಾಹೇಬನ ಕೈ ಮುಂದಕ್ಕೆ ಬರಲಿಲ್ಲ. ಸೀಳಿನಿಂದ ಸಾರು ಜಿನುಗಿ ಕಾಗದದ ಮೇಲೆ ಕೆಂಪಗೆ ಹರಡತೊಡಗಿತು. ಸಾಹೇಬ ಫೈಲಿನೊಳಗಿಂದ ಇನ್ನೊಂದು ಪ್ರತಿ ತೆಗೆದು, ಮೇಜಿನ ಮೇಲೆ ಒದ್ದೆಯಾಗದ ಕಡೆ ನೋಡಿ, ಪಾದ್ರಿಯ ಮುಂದೆ ಸರಿಸಿದ.

ಪಾದ್ರಿಯ ಕೈಯಲ್ಲಿ ಪೆನ್ನು ಹಾಗೇ ಇತ್ತು. ವರ್ಡೆಲ್ ಸೌಟು ಹಿಡಿದು ಅವರ ಪಕ್ಕಕ್ಕೆ ಬಂದು ನಿಂತಳು.

"ನಿಮ್ಮವ್ವನ್ ತಟ್ಟೇನೂ ಆ ಚೀಲದಲ್ಲೇ ಐತೆ. ತರ್ಲಾ, ಪಾದ್ರಿಗಳೇ?"